ಪ್ಲಾಸ್ಟರ್ ಇಲ್ಲದ ಕೈ

ಪ್ಲಾಸ್ಟರ್ ಹಾಕದಿದ್ದರೆ ಅರಸೀಕೆರೆಯಲ್ಲಿ ಯಾರೂ ಕೈ ಕೆಟ್ಟಿದೆ ಅಂತ ಒಪ್ಪುವುದಿಲ್ಲ. ಬೆಳ್ಳಗೆ, ದಪ್ಪಗೆ, ಗೋಡೆಗೆ ಬಡಿದರೆ ಟಣ್ ಅನ್ನುವಂಥದ್ದು ಒಂದು ಕೈಗಿದ್ದರೆ ‘ಅಯ್ಯೋ ಪಾಪ’ ಅನ್ನುತ್ತಾರೆ. ನನಗಿದ್ದದ್ದು ನೀಲಿ ಬಟ್ಟೆಯ ಜೋಲಿ, ಕಂಕುಳ ಕೆಳಗೊಂದು ಸಣ್ಣ ದಿಂಬು, ಸೊಂಟದ ಸುತ್ತ ಒಂದು ಪಟ್ಟಿ. ನೋಡಲು ಬಂದವರು ಬಾಗಿಲಲ್ಲೇ ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಪ್ಲಾಸ್ಟರ್ ಹಾಕಿಲ್ವಾ?" ಅನ್ನುತ್ತಿದ್ದರು. ಇಲ್ಲ ಅಂದರೆ ತಂದ ಮೂಸಂಬಿ ದಂಡವಾಯಿತು ಅನ್ನುವ ಹಾಗೆ ಅವರ ಮುಖ ಆಗುತ್ತಿತ್ತು. ಮೂಳೆ ಮುರಿದಿಲ್ಲ, ಮೂಳೆಗೆ ಅಂಟಿಕೊಂಡ ಸ್ನಾಯು ಹರಿದಿತ್ತು, ಆಪರೇಶನ್ ಮಾಡಿ ಹೊಲಿದಿದ್ದಾರೆ ಅಂತ ನಾನು ವಿವರಿಸಬೇಕು. "ಓ, ನರ ಹಿಡ್ಕೊಂಡಿದೆ," ಅನ್ನುವುದು ಅವರು. ಹೀಗೆ ಮೊದಲ ವಾರವೇ ಮೂವತ್ತು ಜನಕ್ಕೆ ಪಾಠ ಮಾಡಿದೆ. ಒಬ್ಬರೂ ಪಾಸಾಗಲಿಲ್ಲ.

ಅದು ಎರಡು ಸಾವಿರದ ನಾಲ್ಕನೇ ಇಸವಿ. ನನಗೆ ನಲವತ್ತೇಳು ವರ್ಷ. ಕಣಕಟ್ಟೆಯ ಸರ್ಕಾರಿ ಶಾಲೆಯಲ್ಲಿ ಟೀಚರ್. ದಿನಾ ಬಸ್ಸಿನಲ್ಲಿ ಹೋಗಿ ಬರುವವಳು. ಹಿಂದಿನ ವರ್ಷ ಒಂದು ಬೆಳಿಗ್ಗೆ ಸೀಟು ಸಿಗದೆ ಮೇಲಿನ ಕಂಬಿ ಹಿಡಿದು ನಿಂತಿದ್ದೆ. ಎಮ್ಮೆ ಅಡ್ಡ ಬಂತು, ಡ್ರೈವರ್ ಬ್ರೇಕ್ ಹಾಕಿದ. ಮೈಯೆಲ್ಲ ಮುಂದಕ್ಕೆ ಹೋಯಿತು, ಕೈ ಮಾತ್ರ ಕಂಬಿಯಲ್ಲೇ ಉಳಿಯಿತು. ಬಲಭುಜದೊಳಗೆ ಹಳೇ ಸೀರೆ ಹರಿದಂಥ ಸದ್ದು ಆಯಿತು. ಆವತ್ತಿನಿಂದ ಆ ಕೈ ಬೋರ್ಡಿನ ಅರ್ಧಕ್ಕಿಂತ ಮೇಲೆ ಹೋಗಲಿಲ್ಲ. ಇಪ್ಪತ್ನಾಲ್ಕು ವರ್ಷ ಬೋರ್ಡಿನ ತುದಿಯಲ್ಲಿ ದಿನಾಂಕ ಬರೆದವಳು ನಾನು. ಆಮೇಲೆ ಸ್ಟೂಲು ಹತ್ತಿದ ಹುಡುಗಿಯರ ಕೈಲಿ ಬರೆಸುತ್ತಿದ್ದೆ.

ಆ ಒಂದು ವರ್ಷ ನೆನೆದರೆ ಈಗಲೂ ಮೈ ಉರಿಯುತ್ತದೆ. ಎಕ್ಸ್‌ರೇಯಲ್ಲಿ ಮೂಳೆ ಸರಿಯಾಗಿದೆ ಅಂತ ಬಂದಿದ್ದೇ ತಡ, ಮನೆಯವರ ಪಾಲಿಗೆ ಆ ವಿಷಯ ಮುಗಿದುಹೋಯಿತು. ನನ್ನ ಗಂಡ ಷಡಕ್ಷರಪ್ಪನವರು ಕೊಬ್ಬರಿ ವ್ಯಾಪಾರದವರು. ಎಣ್ಣೆಯಿಂದ ವಾಸಿಯಾಗದ ಕಾಯಿಲೆ ಇದೆ ಅಂತ ನಂಬುವವರಲ್ಲ. "ಕೊಬ್ಬರಿ ಎಣ್ಣೆ ಬಿಸಿ ಮಾಡಿ ಹಚ್ಕೋ," ಅಂದರು. ಅತ್ತೆ ಶಾಂತಾದೇವಿ ಊರಾಚೆಯ ನಾಟಿ ವೈದ್ಯನ ಹತ್ತಿರ ಕರೆದುಕೊಂಡು ಹೋದರು. ಅವನು ನನ್ನ ಕಂಕುಳಲ್ಲಿ ಕಾಲು ಕೊಟ್ಟು ಕೈ ಎಳೆದ. ಕಣ್ಣು ಕತ್ತಲೆ ಬಂತು. ಅತ್ತೆ ಪಕ್ಕದಲ್ಲಿ ಕೂತು, "ಸ್ವಲ್ಪ ತಡ್ಕೋ," ಅನ್ನುತ್ತಿದ್ದರು.

ಕೊನೆಗೆ ನಾನೇ ವಿಚಾರಿಸಿದೆ. ಬೆಂಗಳೂರಿನ ಒಬ್ಬ ಡಾಕ್ಟರು ತಿಂಗಳಿಗೆ ಎರಡು ಶನಿವಾರ ಹಾಸನಕ್ಕೆ ಬರುತ್ತಿದ್ದರು. ಅವರು ಸ್ಕ್ಯಾನ್ ನೋಡಿ, "ಇನ್ನೂ ಒಂದೆರಡು ವರ್ಷ ಬಿಟ್ಟಿದ್ದರೆ ಹೊಲಿಯೋಕೆ ಏನೂ ಉಳೀತಿರಲಿಲ್ಲ," ಅಂದರು. ಬೆಂಗಳೂರಿನಲ್ಲಿ ಆಪರೇಶನ್ ಆಯಿತು. ಮೂಳೆಯೊಳಗೆ ಸಣ್ಣ ಮೊಳೆಯಂಥದ್ದು ಕೂರಿಸಿ, ಹರಿದದ್ದನ್ನು ಎಳೆದು ತಂದು ದಾರದಲ್ಲಿ ಕಟ್ಟಿದ್ದರು. ಬಿಡುಗಡೆಯ ದಿನ ಡಾಕ್ಟರು ನಿಧಾನವಾಗಿ, ನನ್ನ ಗಂಡನಿಗೂ ಕೇಳಿಸುವ ಹಾಗೆ ಹೇಳಿದರು: "ಆರು ವಾರ ಈ ಕೈ ನಿಮ್ಮದಲ್ಲ ಅಂದ್ಕೊಳ್ಳಿ. ಎತ್ತೋ ಹಾಗಿಲ್ಲ. ಜೋಲಿಯಿಂದ ತೆಗೆಯೋವಾಗ ಇನ್ನೊಂದು ಕೈ ಮೊಣಕೈ ಕೆಳಗಿರಬೇಕು. ಯಾರಾದ್ರೂ ಜಗ್ಗಿದ್ರೆ, ನೀವು ಜೋರಾಗಿ ಎತ್ತಿದ್ರೆ, ಹೊಲಿಗೆ ಕಿತ್ತು ಬರುತ್ತೆ. ಎರಡನೇ ಸಲ ಹೊಲಿದ್ರೆ ಹಿಡಿಯುತ್ತೆ ಅಂತ ನಾನು ಮಾತು ಕೊಡಲ್ಲ."

ನನಗೆ ಬೇಕಾಗಿದ್ದದ್ದು ಇಷ್ಟೇ. ಆ ಆರು ವಾರ ಹೊಲಿಗೆ ಉಳಿಯಬೇಕು, ಮತ್ತೆ ಬೋರ್ಡಿನ ತುದಿಗೆ ನನ್ನ ಕೈ ಹೋಗಬೇಕು. ಮನೆಯಲ್ಲಿ ಅದೊಂದು ಬಿಟ್ಟು ಎಲ್ಲರಿಗೂ ಎಲ್ಲವೂ ಬೇಕಾಗಿತ್ತು. ರವಿಕೆ ತೊಡಲಾಗದೆ ಗಂಡನ ಹಳೇ ಅಂಗಿ ಹಾಕಿಕೊಂಡರೆ ಅತ್ತೆಗೆ ನಾಚಿಕೆ. ಮಲಗಿದರೆ ಭುಜ ಸಿಡಿಯುತ್ತದೆ ಅಂತ ಹಗಲಿನಲ್ಲಿ ಕುರ್ಚಿಯಲ್ಲೇ ತೂಕಡಿಸಿದರೆ, "ಏನಮ್ಮ, ಮಹಾರಾಣಿ ದರ್ಬಾರು ನಡೀತಿದೆ," ಅಂತ ಗಂಡನ ತಮಾಷೆ. ಎಡಗೈಯಲ್ಲಿ ಊಟ ಮಾಡಿದರೆ ಅತ್ತೆ ಮುಖ ತಿರುಗಿಸಿಕೊಳ್ಳುತ್ತಿದ್ದರು. ತಾವು ಹೆತ್ತ ಹನ್ನೊಂದನೇ ದಿನಕ್ಕೆ ರಾಗಿ ಬೀಸಿದ ಕತೆಯನ್ನು ಬಂದವರಿಗೆಲ್ಲ ಹೇಳಿ, "ಈಗಿನವರು ಸೋಮಾರಿಗಳು," ಅಂತ ಮುಗಿಸುತ್ತಿದ್ದರು. ಒಳಗೆ ಕೂತ ನನಗೆ ಕೇಳಿಸಲಿ ಅಂತಲೇ ಹೇಳುತ್ತಿದ್ದರು.

ನನ್ನ ಮೈ ಮುಟ್ಟಿ ಕೆಲಸ ಮಾಡಿದವಳು ಒಬ್ಬಳೇ, ಗಿಡ್ಡಮ್ಮ. ನನಗಿಂತ ಎರಡು ಮೂರು ವರ್ಷ ದೊಡ್ಡವಳು. ಮೊದಲು ನಮ್ಮವರ ಕೊಬ್ಬರಿ ಮನೆಯಲ್ಲಿ ಕೆಲಸಕ್ಕಿದ್ದಳು. ಎಂಟು ವರ್ಷದ ಹಿಂದೆ, "ಅಲ್ಲಿ ಕೆಲಸ ಸಾಗ್ತಿಲ್ಲ, ಮನೇಲಿಟ್ಕೋ," ಅಂತ ಅವರೇ ತಂದು ಬಿಟ್ಟಿದ್ದರು. ಸೀರೆ ಉಡಿಸಿದಳು, ಸ್ನಾನ ಮಾಡಿಸಿದಳು, ಹೇಳಲು ನಾಚಿಕೆಯಾಗುವ ಕೆಲಸಗಳನ್ನೂ ಮಾಡಿದಳು. ಹಾಗಂತ ಅವಳ ಮೇಲೆ ನನಗೆ ಸಿಟ್ಟು ಬರುತ್ತಿರಲಿಲ್ಲ ಅಂತೇನಿಲ್ಲ. ತಲೆ ಬಾಚಲು ನನ್ನನ್ನು ನೆಲದ ಮೇಲೇ ಕೂರಿಸುತ್ತಿದ್ದಳು; ಕುರ್ಚಿಯಲ್ಲಿ ಕೂತರೆ ಬಾಚುತ್ತಿರಲಿಲ್ಲ. ತಾನು ಮಂಚದ ಮೇಲೆ ಕೂತು, ನನ್ನ ತಲೆಯನ್ನು ತೊಡೆಯ ಮಟ್ಟಕ್ಕೆ ಎಳೆದುಕೊಂಡು ಜಡೆ ಹಾಕುವಳು. ನೆಲದಿಂದ ಒಂದೇ ಕೈಯಲ್ಲಿ ಏಳಲು ನಾನು ಒದ್ದಾಡಬೇಕು. ಇವಳ ಸುಖಕ್ಕೆ ನಾನು ಕಷ್ಟಪಡಬೇಕಲ್ಲ ಅಂತ ಹಲ್ಲು ಕಚ್ಚುತ್ತಿದ್ದೆ.

ನಾಲ್ಕನೇ ವಾರ, ಮಂಗಳವಾರ, ಅತ್ತೆಯ ತಂಗಿ ಮುತ್ತಮ್ಮ ನನ್ನನ್ನು ನೋಡಲು ಬೇಲೂರಿನಿಂದ ಬಂದರು. ಹಳೇಬೀಡು, ಜಾವಗಲ್ ಮೇಲೆ ಬರುವ ಬಸ್ಸು. ಕುಲುಕಿ ಕುಲುಕಿ ಅವರ ಸೊಂಟವೇ ಹೋಗಿತ್ತು. ಆ ಸೊಂಟದ ಬಗ್ಗೆ ಒಂದು ಗಂಟೆ ಮಾತಾಯಿತು. ನನ್ನ ಕೈಯ ಬಗ್ಗೆ, "ಪ್ಲಾಸ್ಟರ್ ಹಾಕ್ಲಿಲ್ವಾ?" ಅನ್ನುವುದೊಂದೇ ಮಾತು. ಕಾಫಿ ಕುಡಿದು ಹೊರಟು ನಿಂತರು.

"ಚಿಕ್ಕತ್ತೆಗೆ ಕುಂಕುಮ ಕೊಡು," ಅಂದರು ಅತ್ತೆ.

ಮನೆಗೆ ಬಂದ ಮುತ್ತೈದೆಯನ್ನು ಕುಂಕುಮ ಕೊಡದೆ ಕಳಿಸುವಂತಿಲ್ಲ. ಅತ್ತೆಗೆ ಗಂಡ ಇಲ್ಲ, ಅವರು ಕೊಡುವಂತಿಲ್ಲ. ಗಿಡ್ಡಮ್ಮನೂ ಗಂಡ ಸತ್ತವಳು. ಮನೆಯಲ್ಲಿ ಕುಂಕುಮ ಕೊಡಬಹುದಾದವಳು ನಾನೊಬ್ಬಳೇ. ಅಲ್ಲಿಯವರೆಗೆ ಬಂದವರೆಲ್ಲ, ತಟ್ಟೆಯನ್ನು ಎಡಗೈಯಲ್ಲಿ ಹಿಡಿದು ನಿಂತರೆ ತಾವೇ ಹಚ್ಚಿಕೊಂಡು ಹೋಗಿದ್ದರು. ಮುತ್ತಮ್ಮ ತಟ್ಟೆ ನೋಡಿ ಕೈ ಹಿಂದಕ್ಕೆ ಎಳೆದುಕೊಂಡರು.

"ಎಡಗೈಲಾ?" ಅಂದರು. "ಮಂಗಳವಾರ ಬೇರೆ."

"ಚಿಕ್ಕತ್ತೆ, ಬಲಗೈ ಎತ್ತೋ ಹಾಗಿಲ್ಲ. ನೀವೇ ಹಚ್ಕೊಳ್ಳಿ," ಅಂದೆ.

"ನಾನೇ ಹಚ್ಕೊಳ್ಳೋಕೆ ಇದೇನು ದೇವಸ್ಥಾನವೇ? ಬೇಡ ಬಿಡಮ್ಮ, ಹಾಗೇ ಹೋಗ್ತೀನಿ," ಅಂತ ಅವರು ಕಣ್ಣು ಒರೆಸಿಕೊಂಡರು.

ಅತ್ತೆಗೆ ತಂಗಿಯ ಕಣ್ಣೀರು ಸಾಕಾಯಿತು. "ಒಂದು ಗಳಿಗೆ ಆ ಚೀಲ ಬಿಚ್ಚಿದ್ರೆ ಏನಾಗತ್ತೆ? ನಾಲ್ಕು ವಾರ ಆಯ್ತು," ಅನ್ನುತ್ತ ನನ್ನ ಸೊಂಟದ ಪಟ್ಟಿಯನ್ನು ಪರ್ ಅಂತ ಕಿತ್ತರು. ದಿಂಬು ಕೆಳಗೆ ಬಿತ್ತು. ನಾನು ತಟ್ಟೆ ಇಟ್ಟು ತಡೆಯುವುದರೊಳಗೆ ಮಣಿಕಟ್ಟು ಹಿಡಿದು ನನ್ನ ಕೈಯನ್ನು ಮುತ್ತಮ್ಮನ ಹಣೆಯ ಕಡೆಗೆ ಎತ್ತತೊಡಗಿದರು. ಭುಜದೊಳಗೆ ಬೆಂಕಿ ಹತ್ತಿತು. ಕೂಗಿದೆ. ಅವರು ಬಿಡಲಿಲ್ಲ, ಇನ್ನೊಂದು ಗೇಣಿಗೆ ಹಣೆ ಮುಟ್ಟುತ್ತಿತ್ತಲ್ಲ.

ಗಿಡ್ಡಮ್ಮ ಹಿತ್ತಲಿಂದ ಬಂದದ್ದು ನಾನು ನೋಡಲಿಲ್ಲ. ನನ್ನ ಮೊಣಕೈ ಕೆಳಗೆ ಒಂದು ಒದ್ದೆ ಅಂಗೈ ಬಂದದ್ದು ಮಾತ್ರ ಗೊತ್ತಾಯಿತು. ಕೈಯ ಭಾರವೆಲ್ಲ ಆ ಅಂಗೈ ಮೇಲೆ ಹೋಯಿತು, ಉರಿ ಅರ್ಧ ಇಳಿಯಿತು. "ಬುಡಿ ಅಮ್ಮ, ಜಗ್ಗಬ್ಯಾಡಿ," ಅಂದಳು ಅತ್ತೆಗೆ. ಕೂಗಲಿಲ್ಲ. ಅತ್ತೆ ಬೆಚ್ಚಿ ಬಿಟ್ಟರು. ಗಿಡ್ಡಮ್ಮ ನನ್ನ ಕೈಯನ್ನು ಇಷ್ಟಿಷ್ಟೇ ಇಳಿಸಿ, ಹೊಟ್ಟೆಗೆ ಒತ್ತಿ ಹಿಡಿದು, ಕಾಲಲ್ಲಿ ದಿಂಬು ಹತ್ತಿರಕ್ಕೆ ಸರಿಸಿಕೊಂಡು ಎತ್ತಿ ಕಂಕುಳಿಗಿಟ್ಟು ಪಟ್ಟಿ ಕಟ್ಟಿದಳು.

ಆಮೇಲೆ ನನ್ನ ಬಾಯಿ ಬಿಚ್ಚಿಕೊಂಡಿತು. "ಈ ಕೈ ಹೋದ್ರೆ ನಿಮ್ಮ ತಂಗಿ ಹಣೆ ಮೇಲಿನ ಕುಂಕುಮ ಬಂದು ಬೋರ್ಡ್ ಮೇಲೆ ಬರೆಯುತ್ತಾ?" ಅಂದೆ. ಮುತ್ತೈದೆಯ ಎದುರು ಆಡುವ ಮಾತಲ್ಲ ಅದು. ಗೊತ್ತಿದ್ದೇ ಆಡಿದೆ. ಮುತ್ತಮ್ಮ ಅಳುತ್ತಾ ಮೆಟ್ಟಿಲಿಳಿದು ಹೋದರು. ಅತ್ತೆ ಮೂರು ದಿನ ನನ್ನ ಜೊತೆ ಮಾತು ಬಿಟ್ಟರು, ಅದರಿಂದ ನನಗೇನೂ ನಷ್ಟವಾಗಲಿಲ್ಲ. ಗಂಡ ಬಂದು, "ಹಿರಿಯರಿಗೆ ಹಾಗನ್ನಬಹುದಾ?" ಅಂದರು. ಹೊಲಿಗೆ ಏನಾಯಿತು ಅಂತ ಕೇಳಲಿಲ್ಲ.

ಹೊಲಿಗೆ ಏನಾಯಿತು ಅನ್ನುವುದು ನನಗೂ ಗೊತ್ತಿರಲಿಲ್ಲ. ಡಾಕ್ಟರು ಬರುವ ಶನಿವಾರಕ್ಕೆ ಇನ್ನೂ ಹನ್ನೊಂದು ದಿನ ಇತ್ತು. ಕಿತ್ತಿದೆಯೋ ಉಳಿದಿದೆಯೋ ಅಂತ ಕೂತಲ್ಲಿ ನಿಂತಲ್ಲಿ ಅದೇ ಯೋಚನೆ.

ಮಾರನೇ ದಿನ ಗಿಡ್ಡಮ್ಮ ನನ್ನ ಜಡೆ ಹಾಕುತ್ತಿದ್ದಾಗ ಕೇಳಿದೆ. "ಮೊಣಕೈ ಕೆಳಗೆ ಕೈ ಕೊಡಬೇಕು ಅಂತ ನಿನಗೆ ಯಾರು ಹೇಳಿದ್ರು? ಡಾಕ್ಟರು ಹೇಳೋವಾಗ ನೀನಿರಲಿಲ್ಲವಲ್ಲ."

"ಅದ್ಕೆ ಯಾರ್ ಯೋಳಬೇಕು ಅಮ್ಮಾರೆ. ನಂಗೆ ಅಂಗೆ ಹಿಡ್ಕಂಡ್ರೇನೆ ತಡೀತದೆ," ಅಂದಳು.

ತಿರುಗಿ ನೋಡಿದೆ. ಬಾಚಣಿಗೆ ಕೆಳಗಿಟ್ಟು, ತನ್ನ ಎಡ ಅಂಗೈಯನ್ನು ಬಲ ಮೊಣಕೈ ಕೆಳಗೆ ಕೊಟ್ಟು ತೋರಿಸಿದಳು. ಹಾಗೆ ಕೊಟ್ಟರೆ ಬಲಗೈ ತಲೆಯವರೆಗೆ ಹೋಯಿತು. "ಬಿಟ್ಟು ಎತ್ತು ನೋಡೋಣ," ಅಂದೆ. ಎತ್ತಿದಳು. ಎದೆಯ ಮಟ್ಟಕ್ಕೆ ಬಂತು. ಭುಜ ಕಿವಿಯವರೆಗೆ ಎದ್ದಿತು, ಕೈ ಅಲ್ಲೇ ನಿಂತಿತು. ಅದೇ ಅಳತೆ. ಒಂದು ವರ್ಷ ಬೋರ್ಡಿನ ಮುಂದೆ ನನ್ನ ಕೈ ನಿಲ್ಲುತ್ತಿದ್ದ ಅಳತೆ.

"ಯಾವಾಗಿಂದ?"

"ಕೊಬ್ಬರಿ ಮನೇಲಿದ್ದಾಗ. ಅಟ್ಟ ತುಂಬ್ಸೋವಾಗ."

ಕೊಬ್ಬರಿಗೆ ಇಡುವ ಕಾಯಿಯನ್ನು ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಒಣಗಲು ಬಿಡುತ್ತಾರೆ. ಕೆಳಗಿನಿಂದ ಒಬ್ಬರು ಒಂದೊಂದೇ ಕಾಯಿ ಮೇಲಕ್ಕೆ ಎಸೆಯುತ್ತಾರೆ, ಮೇಲೊಬ್ಬರು ಹಿಡಿದು ಜೋಡಿಸುತ್ತಾರೆ. ಗಿಡ್ಡಮ್ಮ ಹದಿನೈದು ವರ್ಷ ಕೆಳಗೆ ನಿಂತು ಎಸೆದವಳು. ಒಂದು ದಿನ ಎಸೆದ ಕಾಯಿ ಮೇಲಕ್ಕೆ ಹೋಗದೆ ಅವಳ ಕಾಲ ಮೇಲೇ ಬಿತ್ತಂತೆ. ಆಮೇಲೆ ಯಾವ ಕಾಯಿಯೂ ಹೋಗಲಿಲ್ಲವಂತೆ.

"ನನಗೆ ಯಾಕೆ ಹೇಳಲಿಲ್ಲ?" ಅಂದೆ. ದನಿಯಲ್ಲಿ ಸಿಟ್ಟಿತ್ತು, ಅವಳದೇ ತಪ್ಪು ಅನ್ನುವ ಹಾಗೆ.

"ಯೋಳಿದ್ನಲ್ಲ. ಯುಗಾದಿಗೆ ಜೇಡರ ಬಲೆ ತೆಗಿ ಅಂದ್ರಲ್ಲ ಅವತ್ತು. ಕೈ ಮ್ಯಾಕೆ ಓಗಲ್ಲ ಅಂದೆ. ಸೋಮಾರಿ ಅಂದ್ರಿ."

ಅವಳು ಬಾಚಣಿಗೆ ಎತ್ತಿಕೊಂಡಳು. "ತಿರುಕ್ಕಳಿ, ಜಡೆ ಬಿಚ್ಚೋಯ್ತದೆ," ಅಂದಳು.

ಅಂದಿದ್ದೆ. ಒಂದು ಸಲ ಅಲ್ಲ, ಪ್ರತಿ ಯುಗಾದಿಗೂ ಅಂದಿದ್ದೆ. ನನ್ನ ಕೈ ಹೋದ ವರ್ಷವೂ, ನನ್ನ ಭುಜ ನೋಯುತ್ತಿದ್ದಾಗಲೇ ಅಂದಿದ್ದೆ. ನೆಲದ ಮೇಲೆ ಯಾಕೆ ಕೂರಿಸುತ್ತಾಳೆ ಅಂತ ಒಂದು ಸಲವೂ ಕೇಳಲಿಲ್ಲ. ಅತ್ತೆಯ ಬಾಯಿಂದ ನನಗೆ ಬಂದ ಮಾತಿಗೆ ನಾನು ನಾಲ್ಕು ವಾರ ಕುದಿದಿದ್ದೆ. ಅದೇ ಮಾತನ್ನು ಇವಳು ಎಂಟು ವರ್ಷ ಕೇಳಿಸಿಕೊಂಡು ನನಗೆ ಸೀರೆ ಉಡಿಸಿದ್ದಳು. ನನ್ನ ಮೇಲೇ ನನಗೆ ಬಂದ ಸಿಟ್ಟನ್ನು ಎಲ್ಲಿ ಹಾಕುವುದು ಗೊತ್ತಾಗಲಿಲ್ಲ. ಗಂಡ ಬರುವವರೆಗೆ ಕಾದು ಅವರ ಮೇಲೆ ಹಾಕಿದೆ.

"ಗಿಡ್ಡಮ್ಮನ ಕೈ ನಿಮ್ಮ ಅಟ್ಟದ ಕೆಳಗೆ ಹೋಯಿತಂತೆ. ನಿಮಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಏನು," ಅಂದರು ಚಪ್ಪಲಿ ಬಿಡುತ್ತಾ. "ಅದಕ್ಕೇ ತಾನೆ ಮನೆ ಕೆಲಸಕ್ಕೆ ಹಾಕಿದ್ದು? ಬೇರೆಯವರಾಗಿದ್ರೆ ಬಿಡಿಸಿಬಿಡ್ತಿದ್ರು."

"ಡಾಕ್ಟರಿಗೆ ತೋರಿಸಬೇಕು ಅನ್ನಿಸಲಿಲ್ವಾ?"

"ಎಣ್ಣೆ ಹಚ್ಕೋ ಅಂದಿದ್ದೆ."

"ನನಗೂ ಅದನ್ನೇ ಅಂದಿದ್ರಿ. ನಾನು ಸಂಬಳ ಬರೋಳು, ನಾನೇ ಡಾಕ್ಟರನ್ನ ಹುಡುಕ್ಕೊಂಡೆ. ಅವಳು ಏನು ಮಾಡಬೇಕಿತ್ತು?"

ಅವರು ಟವಲಿನಿಂದ ಮುಖ ಒರೆಸಿಕೊಂಡು ನನ್ನನ್ನು ನೋಡಿದರು. ತಮಾಷೆ ಇರಲಿಲ್ಲ. "ನಾನು ಕೊಬ್ಬರಿ ಮಂಡಿಯಲ್ಲಿರೋನು ಲತಾ. ಎಂಟು ವರ್ಷದಿಂದ ಬೆಳಗಾದ್ರೆ ಅವಳ ಮುಖ ನೋಡೋಳು ನೀನು. ನಿನಗೆ ಕಾಣಲಿಲ್ವಾ?" ಅಂದರು.

ಡಾಕ್ಟರು ಬರುವ ಶನಿವಾರ ಹಾಸನಕ್ಕೆ ಗಿಡ್ಡಮ್ಮನನ್ನೂ ಹೊರಡಿಸಿದೆ. "ನಂಗ್ಯಾಕೆ ಬುಡಿ," ಅಂದಳು. ಬೈದು ಕರೆದುಕೊಂಡು ಹೋದೆ. ಬೇರೆ ಥರ ಕರೆಯುವುದು ನನಗೆ ಬರುತ್ತಿರಲಿಲ್ಲ.

ಡಾಕ್ಟರು ಮೊದಲು ನನ್ನನ್ನು ನೋಡಿದರು. ಮಲಗಿಸಿ, ಕೈಯನ್ನು ಮೆಲ್ಲಗೆ ಅಲ್ಲಾಡಿಸಿ, ಅಲ್ಲಲ್ಲಿ ಒತ್ತಿ, ಕುಂಕುಮದ ಕತೆ ಕೇಳಿ ತಲೆ ಚಚ್ಚಿಕೊಂಡರು. "ಉಳಿದಿದೆ. ನಿಮ್ಮ ಅದೃಷ್ಟ. ಇನ್ನೊಂದು ಗೇಣು ಮೇಲೆ ಹೋಗಿದ್ರೆ ನಾನು ಬೇರೆ ಮಾತಾಡ್ತಿದ್ದೆ," ಅಂದರು. ಇನ್ನು ಮನೆಯಲ್ಲಿ ಜೋಲಿ ಬೇಡ, ಬಸ್ಸಿನಲ್ಲಿ ಮಾತ್ರ ಎರಡು ವಾರ ಇರಲಿ, ನಾಲ್ಕೈದು ತಿಂಗಳಿಗೆ ಬೋರ್ಡಿನ ತುದಿಗೆ ಬರೆಯಬಹುದು ಅಂದರು. ಆ ಮಾತಿಗಾಗಿ ನಾನು ಆರು ವಾರ ಕಾದಿದ್ದೆ. ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಆಮೇಲೆ ಗಿಡ್ಡಮ್ಮನನ್ನು ಮುಂದೆ ಮಾಡಿದೆ.

"ಇವರು?"

"ನಮ್ಮ ಮನೇಲಿ ಕೆಲಸ ಮಾಡ್ತಾರೆ," ಅಂದೆ. ‘ಮಾಡ್ತಾರೆ’ ಅಂದದ್ದಕ್ಕೆ ಗಿಡ್ಡಮ್ಮ ನನ್ನ ಮುಖ ನೋಡಿದಳು.

"ಏನು ಕೆಲಸಮ್ಮ ಮಾಡೋದು ನೀನು?"

"ಎಲ್ಲಾನೂವೆ," ಅಂದಳು.

ಡಾಕ್ಟರು ಅವಳ ಬಲಗೈಯನ್ನು ತಾವೇ ಹಿಡಿದು ಪೂರ್ತಿ ಮೇಲಕ್ಕೆ ಎತ್ತಿದರು. "ಈಗ ನಿಧಾನಕ್ಕೆ ನೀನೇ ಇಳಿಸು," ಅಂತ ಬಿಟ್ಟರು. ಕೈ ದೊಪ್ಪನೆ ಬಿದ್ದು ಅವಳ ತೊಡೆಗೆ ಬಡಿಯಿತು. ಇನ್ನೊಂದು ಸಲ ಎತ್ತಿ ಬಿಟ್ಟರು, ಹಾಗೇ ಬಿತ್ತು. ಬೆನ್ನ ಕಡೆ ಹೋಗಿ, ಸೆರಗು ಸರಿಸಿ, ನನ್ನನ್ನು ಕರೆದು ತೋರಿಸಿದರು. ಎಡಭುಜದ ಹಿಂದೆ ಮಾಂಸ ಇತ್ತು. ಬಲಭುಜದ ಹಿಂದೆ ಹಳ್ಳ ಬಿದ್ದಿತ್ತು, ಮೂಳೆಯ ಏಣು ಚರ್ಮದಡಿ ಎದ್ದು ಕಾಣುತ್ತಿತ್ತು.

"ಎಷ್ಟು ವರ್ಷ?"

"ಎಂಟು."

"ಸ್ಕ್ಯಾನ್ ಬೇಕಾದ್ರೆ ಮಾಡಿಸಿ," ಅಂದರು ನನ್ನ ಕಡೆ ತಿರುಗಿ, ದನಿ ಇಳಿಸಿ. "ಆದ್ರೆ ಸ್ನಾಯು ಪೂರ್ತಿ ಇಂಗಿಹೋಗಿದೆ. ಎಳೆದು ತಂದ್ರೂ ಮೂಳೆವರೆಗೆ ಬರಲ್ಲ. ಹೊಲಿಯೋಕೆ ಏನೂ ಉಳಿದಿಲ್ಲ. ಮೊದಲ ವರ್ಷ ಬಂದಿದ್ರೆ ನಿಮಗೆ ಮಾಡಿದ್ದನ್ನೇ ಮಾಡ್ತಿದ್ದೆ."

ಅವರು ದನಿ ಇಳಿಸಿ ಏನೂ ಪ್ರಯೋಜನವಾಗಲಿಲ್ಲ. ಗಿಡ್ಡಮ್ಮ ಕೇಳಿಸಿಕೊಂಡು ಸೆರಗು ಸರಿಮಾಡಿಕೊಂಡಳು. ನೋವಿನ ಮಾತ್ರೆ, ನಾಲ್ಕು ವ್ಯಾಯಾಮ ಬರೆದುಕೊಟ್ಟರು. ಚೀಟಿಯನ್ನು ಅವಳು ಮಡಿಸಿ ಎಲೆಅಡಿಕೆ ಚೀಲದಲ್ಲಿಟ್ಟಳು.

ಬಸ್‌ ಸ್ಟ್ಯಾಂಡಿನವರೆಗೆ ನಾನೊಬ್ಬಳೇ ಮಾತಾಡಿದೆ. ಬೆಂಗಳೂರಿಗೆ ಹೋಗೋಣ, ಬೇರೆ ಡಾಕ್ಟರಿಗೆ ತೋರಿಸೋಣ, ಇವರು ಹೇಳಿದ್ದೇ ಕೊನೆಯಾ ಅಂತ. ಗಂಡನನ್ನು ಬೈದೆ, ಅಟ್ಟವನ್ನು ಬೈದೆ. ನನ್ನನ್ನೂ ಬೈದುಕೊಂಡೆ, ಅವಳಿಗೆ ಕೇಳಿಸಲಿ ಅಂತ. ಅವಳು ಬೇಡ ಅನ್ನಲಿಲ್ಲ, ಪರವಾಗಿಲ್ಲ ಅಂತಲೂ ಅನ್ನಲಿಲ್ಲ. ಪರವಾಗಿಲ್ಲ ಅನ್ನಲಿ ಅಂತ ನಾನು ಕಾಯುತ್ತಿದ್ದೆ.

ಅರಸೀಕೆರೆ ಬಸ್ಸು ತುಂಬಿತ್ತು. ನನ್ನ ನೀಲಿ ಜೋಲಿ ನೋಡಿ, ಪ್ಲಾಸ್ಟರ್ ಇಲ್ಲದಿದ್ದರೂ, ಕಾಲೇಜು ಹುಡುಗಿಯೊಬ್ಬಳು ಎದ್ದು ಸೀಟು ಬಿಟ್ಟಳು. ಗಿಡ್ಡಮ್ಮ ನನ್ನ ಪಕ್ಕ ನಿಂತಳು. ಎಡಗೈಯಲ್ಲಿ ಮೇಲಿನ ಕಂಬಿ ಹಿಡಿದಿದ್ದಳು; ಬಲಗೈ ಸುಮ್ಮನೆ ನೇತಾಡುತ್ತಿತ್ತು. ದುದ್ದ ದಾಟುವಾಗ ಬಸ್ಸು ಹಳ್ಳಕ್ಕೆ ಇಳಿದು ಕುಲುಕಿತು. ಅವಳ ಮೈಯೆಲ್ಲ ಆ ಒಂದು ಎಡಗೈಯಲ್ಲಿ ಜೋತಾಡಿತು. ಇನ್ನೊಂದು ಭುಜವೂ ಹೋಗುವುದು ಹೀಗೆಯೇ ಅಂತ ನನಗಿಂತ ಚೆನ್ನಾಗಿ ಆ ಬಸ್ಸಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಎದ್ದು ನಿಂತೆ. "ಕೂತ್ಕೋ ಗಿಡ್ಡಮ್ಮ," ಅಂದೆ.

ಅವಳು ಕೂರಲಿಲ್ಲ. ಸೊಂಟ ನನ್ನ ಸೀಟಿನ ಅಂಚಿಗೆ ಆನಿಸಿ, ಕಂಬಿ ಬಿಟ್ಟು, ಆ ಎಡ ಅಂಗೈಯನ್ನು ನನ್ನ ಜೋಲಿಯ ಕೆಳಗೆ, ಮೊಣಕೈಗೆ ಕೊಟ್ಟಳು.

"ನೀವ್ ಕೂತ್ಕಳಿ ಅಮ್ಮಾರೆ," ಅಂದಳು. "ನಿಮ್ದು ವಾಸಿಯಾಗೋ ಕೈ."

ನಾನು ಕೂತುಕೊಂಡೆ.